ಹಾಡುಗಾರ್ತಿ ಶೀಲಾ ಬರೆದಿಟ್ಟ ಗುರುತುಗಳು

ಮನೆಯಲ್ಲಿ ಅವಳ ಹೆಸರು ಯಲ್ಲಮ್ಮ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಕೆಲಸ ಮಾಡುತ್ತಿದ್ದ ಬಂಗಾರಪ್ಪನ ಒಬ್ಬಳೇ ಮಗಳು. ಅವರಿದ್ದದ್ದು ಜನ್ನಾಪುರದ ಸಾಲುಮನೆಯಲ್ಲಿ. ಬಲಗಡೆ ಮನೆಯವರು ತಮಿಳರು, ಎಡಗಡೆಯವರು ತೆಲುಗರು, ನಡುವೆ ಇದ್ದ ಗೋಡೆಗಳು ತೆಳ್ಳಗೆ. ಎರಡೂ ಕಡೆಯ ರೇಡಿಯೋ ಕೇಳಿಕೊಂಡೇ ಬೆಳೆದ ಹುಡುಗಿ ಹೈಸ್ಕೂಲು ಮುಗಿಸುವ ಹೊತ್ತಿಗೆ ಮೂರು ಭಾಷೆಯ ಸಿನಿಮಾ ಹಾಡುಗಳನ್ನು ತಪ್ಪಿಲ್ಲದೆ ಹಾಡುತ್ತಿದ್ದಳು. ಅರ್ಥ ಕೇಳಿದರೆ ಮಾತ್ರ ನಗುತ್ತಿದ್ದಳು.

ತೊಂಬತ್ತೊಂದರಲ್ಲಿ ಕಾರ್ಮಿಕರ ಸಂಘದವರು ಗಣಪತಿ ಕೂರಿಸಿದಾಗ ಗಾಯನ ಸ್ಪರ್ಧೆ ಇಟ್ಟಿದ್ದರು. ಅವಳಿಗೆ ಮೊದಲ ಬಹುಮಾನ ಬಂತು, ಒಂದು ಸ್ಟೀಲಿನ ಬಿಂದಿಗೆ. ಅದಾದ ಮುಂದಿನ ಭಾನುವಾರ ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ರಾಮಚಂದ್ರಪ್ಪ ಅವಳ ಮನೆ ಹುಡುಕಿಕೊಂಡು ಬಂದ. ಸ್ವರಮಾಲೆ ಅನ್ನುವ ಆರ್ಕೆಸ್ಟ್ರಾ ಅವನದು. ಕೀಬೋರ್ಡು ಅವನೇ ನುಡಿಸುತ್ತಿದ್ದ. ಅದಕ್ಕೇ ಎಲ್ಲರೂ ಅವನನ್ನು ಮೇಷ್ಟ್ರೇ ಅನ್ನುತ್ತಿದ್ದರು.

"ಆರ್ಕೆಸ್ಟ್ರಾ ಹುಡುಗಿ ಅಂದ್ರೆ ನಾಳೆ ಯಾರು ಮದುವೆ ಆಗ್ತಾರೆ ಮೇಷ್ಟ್ರೇ?" ಅಂತ ಬಂಗಾರಪ್ಪ ಕೇಳಿದ.

ಅವಳ ತಾಯಿ ಕಲ್ಲಮ್ಮ ಒಳಗಿನಿಂದಲೇ ಹೇಳಿದಳು: "ಹಾಡದೇ ಇರೋ ಹುಡುಗೀರೆಲ್ಲ ಮದುವೆಯಾಗಿ ಸುಖವಾಗಿದ್ದಾರಾ? ಹೋಗ್ಲಿ ಬಿಡಿ. ಹೋಗಿ ಹಾಡ್ಲಿ."

ಹೆಸರು ಬದಲಾಯಿಸಿದ್ದು ರಾಮಚಂದ್ರಪ್ಪ. ಯಲ್ಲಮ್ಮ ಅಂತ ಮೈಕಿನಲ್ಲಿ ಕೂಗಿದರೆ ಜನ ದೇವರ ಹಾಡು ಶುರುವಾಯಿತು ಅಂದುಕೊಳ್ಳುತ್ತಾರೆ ಅನ್ನುವುದು ಅವನ ವಾದ. ಹೀಗೆ ಅವಳು ಶೀಲಾ ಆದಳು. ಮೂರು ವರ್ಷದಲ್ಲಿ ಆ ಹೆಸರು ಶಿವಮೊಗ್ಗ, ಭದ್ರಾವತಿ, ತರೀಕೆರೆ ಕಡೆ ಮದುವೆ ಮಾಡುವವರ ಬಾಯಲ್ಲಿ ಓಡಾಡತೊಡಗಿತು. ಗಂಟಲು ಸಣ್ಣದು, ಆದರೆ ಮೇಲಿನ ಸ್ವರಕ್ಕೆ ಹೋದಾಗಲೂ ಒಡೆಯುತ್ತಿರಲಿಲ್ಲ. ಹಾಡುಗಳನ್ನು ಒಂದು ದಪ್ಪ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದಳು. ತಮಿಳು, ತೆಲುಗು ಎಲ್ಲವೂ ಕನ್ನಡದ ಅಕ್ಷರದಲ್ಲೇ.

ಯೋಗರಾಜ ಆ ತಂಡದಲ್ಲಿ ಡೋಲಕ್ಕು ಬಾರಿಸುತ್ತಿದ್ದ. ಹಗಲು ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೂಲಿ. ಬೆರಳು ಸೀಳಿಕೊಳ್ಳದಿರಲಿ ಅಂತ ಬಲಗೈಯ ಎರಡು ಬೆರಳಿಗೆ ಯಾವಾಗಲೂ ಬಿಳಿ ಪ್ಲಾಸ್ಟರು ಸುತ್ತಿಕೊಂಡಿರುತ್ತಿದ್ದ. ಊಟ ಮಾಡುವಾಗಲೂ ಬಿಚ್ಚುತ್ತಿರಲಿಲ್ಲ. ಅವಳು ತಾಳ ತಪ್ಪಿದರೆ ಅವನು ತಲೆ ಎತ್ತದೆ ಹುಬ್ಬು ಮಾತ್ರ ಎತ್ತುವನು, ಅವಳು ಸರಿಪಡಿಸಿಕೊಳ್ಳುವಳು. ತೊಂಬತ್ತನಾಲ್ಕರಲ್ಲಿ ಮದುವೆಯಾದರು. ಆ ಮದುವೆಯಲ್ಲಿ ಆರ್ಕೆಸ್ಟ್ರಾ ಇರಲಿಲ್ಲ, ಯಾಕೆಂದರೆ ತಂಡದವರೆಲ್ಲ ಊಟಕ್ಕೆ ಕೂತಿದ್ದರು. ಮಕ್ಕಳಾಗಲಿಲ್ಲ. ಮದುವೆಯಾದ ಮರುವರ್ಷ ಬಂಗಾರಪ್ಪ ಎದೆನೋವಿನಿಂದ ಸತ್ತ. ಕಲ್ಲಮ್ಮ ಮಗಳ ಜೊತೆಗೇ ಉಳಿದಳು.

ತೊಂಬತ್ತೇಳರ ಏಪ್ರಿಲ್ ತಿಂಗಳು. ಡೋಲಕ್ಕಿನ ಒಂದು ಮಗ್ಗುಲು ಸಡಿಲವಾಗಿತ್ತು. ಹೊಸ ಚರ್ಮ ಹಾಕಿಸಿಕೊಂಡು ಬರುತ್ತೇನೆಂದು ಯೋಗರಾಜ ಸೋಮವಾರ ಬೆಳಿಗ್ಗೆ ಶಿವಮೊಗ್ಗದ ಬಸ್ಸು ಹತ್ತಿದ. ಸಂಜೆ ಬರಲಿಲ್ಲ. ಮದುವೆಯ ಕಾಲ, ಬೇರೆ ತಂಡದವರು ಕೈ ಕಮ್ಮಿಯಾಯಿತೆಂದು ಎಳೆದುಕೊಂಡು ಹೋಗುವುದಿತ್ತು. ಹಿಂದೆಯೂ ಒಮ್ಮೆ ಹಾಗೆ ಶಿಕಾರಿಪುರಕ್ಕೆ ಹೋಗಿ ಎರಡು ದಿನ ಬಿಟ್ಟು ಬಂದಿದ್ದ. ಮನೆಯಲ್ಲಿ ಫೋನಿರಲಿಲ್ಲ. ಬುಧವಾರ ಅವಳು ಹೊಸಮನೆಗೆ ಹೋಗಿ ರಾಮಚಂದ್ರಪ್ಪನನ್ನು ಕೇಳಿದಳು. ಅವನಿಗೂ ಗೊತ್ತಿರಲಿಲ್ಲ. ಗಾಂಧಿ ಬಜಾರಿನ ವಾದ್ಯದ ಅಂಗಡಿಯವನು ಡೋಲಕ್ಕು ತೋರಿಸಿದ. "ಕೊಟ್ಟು ಹೋದ್ರು, ಮಧ್ಯಾಹ್ನ ಬರ್ತೀನಿ ಅಂದ್ರು. ಬರ್ಲೇ ಇಲ್ಲಮ್ಮ" ಅಂದ.

ಶುಕ್ರವಾರ, ಒಂದು ಠಾಣೆಯಿಂದ ಇನ್ನೊಂದಕ್ಕೆ ಅಲೆದು, ಕೊನೆಗೆ ಅವಳೂ ರಾಮಚಂದ್ರಪ್ಪನೂ ದೊಡ್ಡಾಸ್ಪತ್ರೆಯ ಹಿಂಬದಿಯ ಶವಾಗಾರದ ಮುಂದೆ ಬಂದು ನಿಂತರು. ಸವಳಂಗ ರಸ್ತೆಯಲ್ಲಿ ಸೋಮವಾರ ಲಾರಿ ಹೊಡೆದು ಒಬ್ಬ ಸತ್ತಿದ್ದ. ಅವನ ಜೇಬಿನಲ್ಲಿ ಏನೂ ಸಿಕ್ಕಿರಲಿಲ್ಲ. ಮೂರು ದಿನ ಇಟ್ಟುಕೊಂಡು, ಯಾರೂ ಬರದಿದ್ದರಿಂದ ನಿಯಮದಂತೆ ಗುರುವಾರ ಮಣ್ಣು ಮಾಡಿ ಆಗಿತ್ತು. ಪೇದೆ ಒಂದು ಫೋಟೋ ತೋರಿಸಿದ. ಮುಖ ಮುಖದ ಹಾಗೆ ಇರಲಿಲ್ಲ. ರಾಮಚಂದ್ರಪ್ಪ, "ಇದು ಯಾರೋ ಶೀಲಾ, ನಮ್ಮ ಯೋಗ ಅಲ್ಲ" ಅಂದ. ಅವಳು ಫೋಟೋದ ಕೆಳಗಿನ ಅಂಚಿನಲ್ಲಿ ಬೆರಳಿಟ್ಟಳು. ಅಲ್ಲಿ ಒಂದು ಕೈ ಕಾಣುತ್ತಿತ್ತು. ಎರಡು ಬೆರಳಿಗೆ ಬಿಳಿ ಪ್ಲಾಸ್ಟರು.

ಊರ ಹೊರಗಿನ ರುದ್ರಭೂಮಿಯಲ್ಲಿ ಗುಂಡಿ ತೋಡುತ್ತಿದ್ದವನು ಮಾರಪ್ಪ. ಐವತ್ತು ದಾಟಿದ, ಹೆಚ್ಚು ಮಾತಿಲ್ಲದ ಮನುಷ್ಯ. ಅವನು ಅವರನ್ನು ಒಂದು ಮೂಲೆಗೆ ಕರೆದುಕೊಂಡು ಹೋದ. ಅಲ್ಲಿ ಮೂರು ಹಸಿ ಮಣ್ಣಿನ ದಿಬ್ಬಗಳಿದ್ದವು.

"ಈ ವಾರ ಮೂರು ಬಂದ್ವು ತಾಯಿ. ಒಂದೇ ದಿನ ಎರಡು" ಅಂದ.

"ಯಾವುದು?"

ಮಾರಪ್ಪ ಮೂರನ್ನೂ ನೋಡಿದ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ. "ಸುಳ್ಳು ಹೇಳಬಾರದು. ನಂಗೆ ಗೊತ್ತಾಗ್ತಿಲ್ಲ" ಅಂದ.

ಶೀಲಾ ಮೂರಕ್ಕೂ ಹೂವಿಟ್ಟಳು.

ಎರಡು ತಿಂಗಳು ಅವಳು ಸ್ಟೇಜು ಹತ್ತಲಿಲ್ಲ. ಆಮೇಲೆ ಹತ್ತಿದಳು, ಮನೆ ನಡೆಯಬೇಕಿತ್ತು. ಆದರೆ ಮಂಗಳವಾರ ಮತ್ತು ಶುಕ್ರವಾರ ಶಿವಮೊಗ್ಗಕ್ಕೆ ಹೋಗಿ ಆಸ್ಪತ್ರೆಯ ಹಿಂಬದಿಯಲ್ಲಿ ಕೂತಿರತೊಡಗಿದಳು. ಮೊದಮೊದಲು ಅಲ್ಲಿಯವರು ಗಂಡ ಹೋದ ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡರು. ಒಂದು ದಿನ ಅವಳು ಒಳಗೆ ಬಿಡಿ ಅಂದಳು. ಯಾಕೆ ಅಂದರೆ, "ಗುರುತು ಬರ್ಕೋತೀನಿ. ಯಾರಾದ್ರೂ ಹುಡುಕ್ಕೊಂಡು ಬಂದ್ರೆ ಹೇಳೋಕಾಗತ್ತೆ" ಅಂದಳು. ಪೊಲೀಸರು ಬರೆಯುವುದು ಅವರ ಕಾಗದಕ್ಕೆ ಬೇಕಾದಷ್ಟು. ಎತ್ತರ ಇಷ್ಟು, ಬಣ್ಣ ಎಣ್ಣೆಗಪ್ಪು, ಅಂದಾಜು ವಯಸ್ಸು. ಹಾಗೆ ಬರೆದರೆ ಊರಿನಲ್ಲಿ ಅರ್ಧ ಜನ ಅದಕ್ಕೆ ಹೊಂದುತ್ತಾರೆ. ಬೆರಳಿನ ಪ್ಲಾಸ್ಟರನ್ನು ಯಾರೂ ಬರೆದಿರಲಿಲ್ಲ.

ಅಲ್ಲಿದ್ದ ವಯಸ್ಸಾದ ಡಾಕ್ಟರೊಬ್ಬರು ಬಿಟ್ಟರು. ಮೊದಲ ದಿನ ಅವಳು ಹೊರಗೆ ಬಂದು ಗೋಡೆ ಹಿಡಿದುಕೊಂಡು ವಾಂತಿ ಮಾಡಿಕೊಂಡಳು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಸೆರಗಿನ ತುದಿಗೆ ಕರ್ಪೂರ ಕಟ್ಟಿಕೊಂಡು ಹೋಗಿ ಪೂರ್ತಿ ಬರೆದಳು. ಬರೆಯಲು ಬೇರೆ ಪುಸ್ತಕ ತಂದಿರಲಿಲ್ಲ. ಹಾಡಿನ ಡೈರಿಯನ್ನೇ ತಿರುಗಿಸಿ ಹಿಂದಿನ ಪುಟದಿಂದ ಶುರು ಮಾಡಿದಳು. ಕಿವಿಯ ಹಿಂದಿನ ಮಚ್ಚೆ, ಹೊಲಿಗೆ ಹಾಕಿದ ಕಲೆ, ಸುಣ್ಣ ತಿಂದು ಸವೆದ ಹಲ್ಲು, ಕಾಲುಂಗುರದ ಜಾಡು, ಹಚ್ಚೆ, ಒಳಉಡುಪಿಗೆ ಹಾಕಿದ ಪಿನ್ನು. ಹೆಣಕ್ಕೆ ಹೊದಿಸಲು ಒಂದು ಬಿಳಿ ಬಟ್ಟೆ, ಒಂದು ಮೊಳ ಹೂವು ತರುತ್ತಿದ್ದಳು. ಗುಂಡಿಯ ತಲೆಯ ಬಳಿ ಮಾರಪ್ಪ ಒಂದು ಕಲ್ಲು ನೆಟ್ಟು ಬಣ್ಣದಲ್ಲಿ ಸಂಖ್ಯೆ ಬರೆಯುವನು. ಅದೇ ಸಂಖ್ಯೆ ಡೈರಿಯಲ್ಲೂ ಇರುತ್ತಿತ್ತು.

ಮೊದಲ ಎರಡು ವರ್ಷದಲ್ಲಿ ಏಳು ಮನೆಯವರಿಗೆ ತಮ್ಮವರು ಸಿಕ್ಕರು. ಸಿಕ್ಕರು ಅನ್ನುವುದು ಕಲ್ಲು ಸಿಕ್ಕಿತು ಅನ್ನುವ ಅರ್ಥದಲ್ಲಿ. ಅಜ್ಜಂಪುರದಿಂದ ಬಂದ ಒಬ್ಬ ಹೆಂಗಸು ತನ್ನ ಗಂಡನ ಕಲ್ಲಿನ ಮುಂದೆ ಕೂತು ಅರ್ಧ ದಿನ ಬೈದಳು. ಕುಡಿದು ಮನೆ ಬಿಟ್ಟು ಹೋಗಿದ್ದನಂತೆ. ಬೈದು ಮುಗಿದ ಮೇಲೆ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದಳು. ಹೋಗುವಾಗ ಶೀಲಾಳ ಕೈ ಹಿಡಿದುಕೊಂಡು, "ಇನ್ನು ಬಾಗ್ಲು ಚಿಲಕ ಹಾಕ್ಕೊಂಡು ಮಲಗ್ತೀನಮ್ಮ" ಅಂದಳು.

ಕಷ್ಟವಾಗಿದ್ದು ಸಾಗಿಸುವುದು. ಹೆಣ ಅಂದರೆ ಬಾಡಿಗೆ ಟೆಂಪೋದವರು ಯಾರೂ ಬರುತ್ತಿರಲಿಲ್ಲ. ಒಂದು ಹಳೆಯ ಗಾಡಿಯಾದರೂ ಕೊಂಡುಕೊಳ್ಳೋಣ ಅಂತ ರಾಮಚಂದ್ರಪ್ಪನೇ ಹೇಳಿದ. ತೊಂಬತ್ತೊಂಬತ್ತರಲ್ಲಿ ಭದ್ರಾವತಿಯ ಒಂದು ಸಭಾಂಗಣದಲ್ಲಿ ಸಹಾಯಾರ್ಥ ಸಂಗೀತ ಸಂಜೆ ಇಟ್ಟ. ತಂಡದವರು ಯಾರೂ ಕೂಲಿ ಮುಟ್ಟಲಿಲ್ಲ. ಕಾರ್ಖಾನೆಯ ಜನ ಹೆಂಡತಿ ಮಕ್ಕಳ ಸಮೇತ ಬಂದು ಕಿಟಕಿಯಲ್ಲೂ ಕೂತರು. ಶೀಲಾ ಇಪ್ಪತ್ತೆರಡು ಹಾಡು ಹಾಡಿದಳು. ಅಷ್ಟು ಚೆನ್ನಾಗಿ ಅವಳು ಹಿಂದೆ ಹಾಡಿರಲಿಲ್ಲ, ಮುಂದೆಯೂ ಹಾಡಲಿಲ್ಲ. ಕೊನೆಯ ಹಾಡಿಗೆ ಮುಂಚೆ ಮೈಕಿನ ಹತ್ತಿರ ಬಂದು, ಈ ದುಡ್ಡು ಯಾತಕ್ಕೆ, ತಾನು ವಾರಕ್ಕೆ ಎರಡು ದಿನ ಏನು ಮಾಡುತ್ತೇನೆ ಅನ್ನುವುದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಹೆಣದ ಮೈ ತೊಳೆಯುತ್ತೇನೆ ಅಂತಲೂ ಹೇಳಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುದಿನ ಪೇಪರಿನಲ್ಲಿ ಅವಳ ಫೋಟೋ ಬಂತು. ಹಳೆಯ ಮ್ಯಾಟಡೋರ್ ಕೂಡ ಬಂತು.

ಅವಳ ಹಾಡಿಕೆಗೆ ಕೊಡಲಿ ಬಿದ್ದದ್ದು ಆ ಚಪ್ಪಾಳೆಯಿಂದಲೇ. ಅಲ್ಲಿಯವರೆಗೆ ಅವಳ ಮಂಗಳವಾರ, ಶುಕ್ರವಾರದ ವಿಷಯ ಆಸ್ಪತ್ರೆಯವರಿಗೆ, ತಂಡದವರಿಗೆ, ಬಿಟ್ಟರೆ ಆ ಏಳು ಮನೆಯವರಿಗೆ ಮಾತ್ರ ಗೊತ್ತಿತ್ತು. ಈಗ ಎರಡೂ ಊರಿಗೆ ಗೊತ್ತಾಯಿತು. ಕಂಡಕಂಡವರು ಕೈ ಮುಗಿದರು. ಆದರೆ ಆ ವರ್ಷದ ಮಾಘ ಮಾಸದಲ್ಲಿ ಸ್ವರಮಾಲೆಗೆ ಬಂದ ಮದುವೆಗಳು ಅರ್ಧಕ್ಕರ್ಧ ಕಡಿಮೆಯಾದವು. ಬಂದವರೂ, "ಬೇರೆ ಹುಡುಗಿ ಇದ್ದಾಳಲ್ವಾ ಮೇಷ್ಟ್ರೇ?" ಅಂತ ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು. ರಾಮಚಂದ್ರಪ್ಪ ಇದನ್ನು ಅವಳಿಗೆ ಹೇಳಲಿಲ್ಲ.

ಗಾಂಧಿ ಬಜಾರಿನಲ್ಲಿ ಮೂರು ತಲೆಮಾರಿನಿಂದ ಜವಳಿ ಅಂಗಡಿ ನಡೆಸುತ್ತಿದ್ದ ಮುರುಗೇಶಪ್ಪನ ಮಗಳು ಸೌಂದರ್ಯಳ ಮದುವೆ ಎರಡು ಸಾವಿರದ ಒಂದರಲ್ಲಿ ಆಯಿತು. ಸವಳಂಗ ರಸ್ತೆಯ ಕಲ್ಯಾಣ ಮಂಟಪದಲ್ಲಿ ಆರತಕ್ಷತೆ. ಶೀಲಾ ಹಸಿರು ರೇಷ್ಮೆ ಸೀರೆ ಉಟ್ಟು, ಮೈಕು ಪರೀಕ್ಷೆ ಮಾಡಿ, ಮೊದಲ ಹಾಡಿನ ಪುಟ ತೆಗೆದಿಟ್ಟುಕೊಂಡಿದ್ದಳು. ಮುರುಗೇಶಪ್ಪ ಸ್ಟೇಜಿನ ಪಕ್ಕದ ಮೆಟ್ಟಿಲು ಹತ್ತಿ ರಾಮಚಂದ್ರಪ್ಪನ ಕಿವಿಯ ಹತ್ತಿರ ಬಗ್ಗಿದ. ಪಿಸುಮಾತೇ ಆದರೂ ಮೈಕು ತೆರೆದಿತ್ತು.

"ಪೇಪರಲ್ಲಿ ಬಂದಿತ್ತಲ್ಲ, ಅವಳೇ ಅಲ್ವಾ ಇವಳು?"

ಮುಂದಿನ ಸಾಲಿನ ಹೆಂಗಸರು ತಲೆ ಎತ್ತಿದರು. ರಾಮಚಂದ್ರಪ್ಪ ಮೈಕು ಮುಚ್ಚಿದ. ಮುರುಗೇಶಪ್ಪ ಕೆಟ್ಟ ಮನುಷ್ಯನಲ್ಲ. ಶೀಲಾಳ ಮುಂದೆ ಬಂದು ಎರಡೂ ಕೈ ಜೋಡಿಸಿದ.

"ನೋಡಮ್ಮ, ನೀನು ಮಾಡ್ತಿರೋದು ಪುಣ್ಯದ ಕೆಲಸ. ನಂಗೆ ಗೌರವ ಇದೆ. ಆದ್ರೆ ಇದು ಮದುವೆ ಮನೆ. ಬೀಗರ ಕಡೆಯೋರು ನೋಡ್ತಿದ್ದಾರೆ. ತಪ್ಪು ತಿಳ್ಕೋಬೇಡ. ಊಟ ಮಾಡ್ಕೊಂಡು ಹೋಗು."

"ನಾನು ಸ್ನಾನ ಮಾಡ್ಕೊಂಡು ಬಂದಿದ್ದೀನಿ ಯಜಮಾನ್ರೇ" ಅಂದಳು ಶೀಲಾ. ಯಾಕೆ ಹಾಗಂದೆನೋ ಅಂತ ಆಮೇಲೆ ಅವಳಿಗೇ ನಾಚಿಕೆಯಾಯಿತಂತೆ.

ಅವಳು ಡೈರಿ ಮುಚ್ಚಿ ಕೆಳಗಿಳಿದಳು. ಊಟದ ಮನೆಗೆ ಹೋಗಲಿಲ್ಲ. ಮಂಟಪದ ಹಿಂದೆ ಪಾತ್ರೆ ತೊಳೆಯುವ ಜಾಗದಲ್ಲಿ, ತಂಡದವರು ಕಾರ್ಯಕ್ರಮ ಮುಗಿಸುವವರೆಗೆ, ಒಂದು ಮರದ ಪೆಟ್ಟಿಗೆಯ ಮೇಲೆ ಕೂತಿದ್ದಳು. ಒಳಗೆ ಅವಳ ಹಾಡುಗಳನ್ನು ಗಂಡಸೊಬ್ಬ ಇಳಿದ ಶ್ರುತಿಯಲ್ಲಿ ಹಾಡುತ್ತಿದ್ದುದು ಕೇಳುತ್ತಿತ್ತು.

ಮಾರನೆಯ ದಿನ ರಾಮಚಂದ್ರಪ್ಪ ಜನ್ನಾಪುರಕ್ಕೆ ಬಂದ. ಕಲ್ಲಮ್ಮ ಕಾಫಿ ಕೊಟ್ಟಳು. ಅವನು ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದ.

"ಎರಡರಲ್ಲಿ ಒಂದು ಬಿಡಬೇಕಾಗತ್ತೆ ಮಾರಾಯ್ತಿ. ತಂಡದಲ್ಲಿ ಎಂಟು ಜನ ಇದ್ದಾರೆ. ನಾನೊಬ್ಬನೇ ಆಗಿದ್ರೆ ಈ ಮಾತು ಆಡ್ತಿರಲಿಲ್ಲ."

"ಬಿಡ್ತೀನಿ ಮೇಷ್ಟ್ರೇ. ಇನ್ಮೇಲೆ ಆಸ್ಪತ್ರೆಗೆ ಹೋಗಲ್ಲ" ಅಂದಳು ಅವಳು.

ನಿಜವಾಗಿಯೂ ಬಿಟ್ಟಳು. ಐದು ವಾರ ಹೋಗಲಿಲ್ಲ. ಆ ಐದು ವಾರದಲ್ಲಿ ಎರಡು ಕಾರ್ಯಕ್ರಮ ಬಂದವು, ಎರಡರಲ್ಲೂ ಹಾಡಿದಳು. ಆರನೆಯ ವಾರ ಏನೋ ಕೊಳ್ಳಲು ಶಿವಮೊಗ್ಗಕ್ಕೆ ಹೋದವಳು ಬಸ್ ನಿಲ್ದಾಣದಲ್ಲಿ ಮಾರಪ್ಪನನ್ನು ಕಂಡಳು. ಅವಳೇ ಕೇಳಿದಳು.

"ಎಷ್ಟು ಬಂದ್ವು ಮಾರಪ್ಪಣ್ಣ?"

"ನಾಲ್ಕು."

"ಗುರುತು?"

"ಬರೆಯೋರು ಯಾರಿದ್ರು?" ಅಂದ ಮಾರಪ್ಪ. ಆಮೇಲೆ ಅವನಿಗೆ ತಡೆದುಕೊಳ್ಳಲಾಗಲಿಲ್ಲ. "ಮೊನ್ನೆ ಕಡೂರು ಕಡೆಯಿಂದ ಒಬ್ರು ಬಂದಿದ್ರು. ವಯಸ್ಸಾದೋರು. ಮಗಳ ಫೋಟೋ ಹಿಡ್ಕೊಂಡು ಎಲ್ಲ ಕಲ್ಲೂ ಸುತ್ತಿದ್ರು. ಆ ನಾಲ್ಕರಲ್ಲಿ ಒಂದು ಹೆಣ್ಣು ಹೆಣ. ಅದೇನೋ ಅಲ್ವೋ ಅಂತ ನನ್ನ ಕೇಳ್ತಾರೆ. ನಾನೇನು ಹೇಳ್ಲಿ ಶೀಲಮ್ಮ? ಫೋಟೋದಲ್ಲಿ ಆ ಹುಡುಗಿ ನಗ್ತಿದ್ದಾಳೆ."

ಅವಳು ಬಂದ ಕೆಲಸ ಬಿಟ್ಟು ಆಸ್ಪತ್ರೆಗೆ ಹೋದಳು. ಸಂಜೆ ಹೊಸಮನೆಗೆ ಹೋಗಿ ರಾಮಚಂದ್ರಪ್ಪನಿಗೆ, "ಬೇರೆ ಹುಡುಗಿ ನೋಡ್ಕೊಳ್ಳಿ" ಅಂದಳು. ಅವನು ನೋಡಿಕೊಂಡ.

ಆಮೇಲೆ ಅವಳು ಸೀರೆಗೆ ಫಾಲ್ ಹೊಲಿದು, ಬ್ಲೌಸಿಗೆ ಗುಂಡಿ ಹಚ್ಚಿ ಬದುಕಿದಳು. ಬಟ್ಟೆ ಕೊಡುವವರು ಕೂಡ ಅವಳು ಆಸ್ಪತ್ರೆಗೆ ಹೋಗದ ದಿನ ನೋಡಿ ಕೊಡುತ್ತಿದ್ದರು. ನಲ್ಲಿಯ ಹತ್ತಿರ ಮಕ್ಕಳು ಅವಳನ್ನು ಹೆಣದ ಶೀಲಾ ಅನ್ನುತ್ತಿದ್ದವು. ಕಲ್ಲಮ್ಮ ಒಂದು ದಿನ ಆ ಮಕ್ಕಳನ್ನು ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋಗಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಹಾಸಿಗೆ ಹಿಡಿದವಳು ಏಳಲಿಲ್ಲ. ಮಗಳು ಒಂದೂವರೆ ವರ್ಷ ಅವಳ ಸೇವೆ ಮಾಡಿದಳು. ತೀರಿಹೋಗುವ ಮುಂಚೆ ಕಲ್ಲಮ್ಮ ಹೇಳಿದ್ದು ಒಂದೇ ಮಾತು: "ನಿನ್ನನ್ನ ಹಾಡೋಕೆ ಕಳಿಸಿದ್ದು ನಾನೇ ಕಣೇ. ಅದಕ್ಕೆ ಬೇಜಾರಿಲ್ಲ."

ಎರಡು ಸಾವಿರದ ಮೂರರ ಆಗಸ್ಟಿನಲ್ಲಿ ಭದ್ರಾ ನಾಲೆಯಲ್ಲಿ ಗಂಡಸೊಬ್ಬನ ಹೆಣ ತೇಲಿಬಂತು. ನೀರಿನಲ್ಲಿ ಮೂರು ನಾಲ್ಕು ದಿನ ಇದ್ದಿರಬೇಕು. ಮೈ ಮೇಲೆ ಬನಿಯನ್ನು, ಪ್ಯಾಂಟು. ಶೀಲಾ ಬರೆದಳು: ವಯಸ್ಸು ನಲವತ್ತರ ಆಚೆ. ಬಲಗೈ ಕಿರುಬೆರಳು ನಡುಗಂಟಿನಲ್ಲಿ ಒಳಕ್ಕೆ ಬಾಗಿದೆ, ಹಳೆಯದು. ಕೊರಳಲ್ಲಿ ಶಿವದಾರ. ಲಿಂಗ ಇಡುವ ಕರಡಿಗೆ ಇಲ್ಲ.

ಶಿವದಾರ ಅಂದಮೇಲೆ ಲಿಂಗ ಕಟ್ಟಿಕೊಳ್ಳುವ ಮನೆತನ. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ ಅನ್ನುವುದು ಅವಳಿಗೆ ಗೊತ್ತಿತ್ತು. ಹೇಗೆ ಕೂರಿಸುತ್ತಾರೆ ಅನ್ನುವುದು ಗೊತ್ತಿರಲಿಲ್ಲ. ರುದ್ರಭೂಮಿಯ ದಾರಿಯಲ್ಲಿ ವಿಭೂತಿ ಮಾರುತ್ತಿದ್ದ ಒಬ್ಬ ಮುದುಕನನ್ನು ಕೇಳಿಕೊಂಡು ಬಂದಳು. ಮಾರಪ್ಪ ಮೊದಲು ಗೊಣಗಿದ.

"ಮೂರು ದಿನ ನೀರಲ್ಲಿದ್ದ ಮೈ. ಕೂರಿಸೋದು ಅಂದ್ರೇನು ಹುಡುಗಾಟನಾ ಶೀಲಮ್ಮ?"

"ಮಲಗಿಸಿದ್ರೆ ನಾಳೆ ಅವ್ರ ಮನೆಯೋರು ಬಂದು ಕೇಳ್ತಾರೆ."

"ಯಾರು ಬರ್ತಾರೆ!" ಅಂದ. ಆದರೂ ತೋಡಿದ. ಗುಂಡಿಯ ಗೋಡೆಯಲ್ಲಿ ಒಂದು ಗೂಡು ಮಾಡಿದ. ಇಬ್ಬರೇ ಇಳಿದು ಆ ಮೈಯನ್ನು ಅದರೊಳಗೆ ಒರಗಿಸಿ ಕೂರಿಸಿದರು. ಮಧ್ಯಾಹ್ನ ಶುರುವಾದ ಕೆಲಸ ಮುಗಿಯುವಾಗ ಹೊತ್ತು ಇಳಿದಿತ್ತು. ಅವಳು ಹೆಣದ ಹಣೆಗೆ ವಿಭೂತಿ ಹಚ್ಚಿ, ಲಿಂಗ ಇರಬೇಕಾದ ಎಡ ಅಂಗೈಯಲ್ಲಿ ಒಂದು ವಿಭೂತಿ ಗಟ್ಟಿ ಇಟ್ಟಳು.

ಹದಿನೆಂಟು ದಿನದ ಮೇಲೆ ಮುರುಗೇಶಪ್ಪನ ಕಾರು ಜನ್ನಾಪುರದ ಸಾಲುಮನೆಗಳ ಮುಂದೆ ನಿಂತಿತು. ಆಸ್ಪತ್ರೆಯಲ್ಲಿ ಯಾರೋ ಅವಳ ಹೆಸರು ಹೇಳಿದ್ದರು. ಅವನು ಒಳಗೆ ಬಂದ, ಕೂರಲಿಲ್ಲ. ಇಬ್ಬರಿಗೂ ಒಬ್ಬರಿಗೊಬ್ಬರ ಗುರುತು ಸಿಕ್ಕಿತು. ಆ ಮದುವೆಯ ವಿಷಯ ಇಬ್ಬರೂ ಎತ್ತಲಿಲ್ಲ.

"ನನ್ನ ತಮ್ಮ. ರೇಣುಕಾಪ್ರಸಾದ್ ಅಂತ" ಅಂದ. "ಸ್ವಲ್ಪ ತಲೆ ಸರಿ ಇರಲಿಲ್ಲ. ಹಿಂದೆಯೂ ಎರಡು ಸಲ ಹೋಗಿ ತಾನೇ ಬಂದಿದ್ದ. ಈ ಸಲ ತಿಂಗಳಾಗ್ತಾ ಬಂತು. ಪೊಲೀಸರಿಗೆ ಹೇಳಿಲ್ಲ. ಸುಮ್ನೆ ಊರೆಲ್ಲ ಮಾತಾಗತ್ತೆ."

ಅವಳು ಡೈರಿ ತೆಗೆದು ಆ ತಿಂಗಳಿನದ್ದನ್ನು ಓದಿದಳು. ವಯಸ್ಸು ಓದಿದಾಗ ಅವನು ತಲೆಯಾಡಿಸಿದ. ಕಿರುಬೆರಳಿನ ಮಾತು ಬಂದಾಗ ಅವನ ತಲೆ ನಿಂತಿತು. ಶಿವದಾರ ಅಂದಾಗ ಅವನು ಬಾಗಿಲ ಕಡೆ ತಿರುಗಿ, ಚೌಕಟ್ಟಿನ ಮೇಲೆ ಕೈಯಿಟ್ಟುಕೊಂಡು, ಹೊರಗೆ ನೋಡುತ್ತ ನಿಂತ. ಹೊರಗೆ ನೋಡುವಂಥದ್ದೇನೂ ಇರಲಿಲ್ಲ.

"ನಮ್ಮವನಲ್ಲ" ಅಂದ ಕೊನೆಗೆ. "ಅವನ ಬೆರಳು ಸರಿ ಇತ್ತು."

"ಆಯ್ತು ಯಜಮಾನ್ರೇ."

"ಬೇರೆ ಯಾರೋ ಇರಬೇಕು."

"ಆಯ್ತು" ಅಂದಳು ಮತ್ತೆ.

ಕಾರು ಹೋಯಿತು. ಮಾರಪ್ಪನಿಗೆ ಇದನ್ನು ಹೇಳಿದಾಗ ಅವನಿಗೆ ಕೋಪ ಬಂತು. ಬಜಾರಿಗೆ ಹೋಗಿ ಅಂಗಡಿಯ ಮುಂದೆಯೇ ನಿಂತು ಹೇಳುತ್ತೇನೆ ಅಂದ. ಅವಳು ಬೇಡ ಅಂದಳು. ನಾಲೆಗೆ ಬಿದ್ದವನ ಅಣ್ಣ ಅನ್ನಿಸಿಕೊಳ್ಳುವುದಕ್ಕಿಂತ ಎಲ್ಲೋ ದೇಶಾಂತರ ಹೋದವನ ಅಣ್ಣ ಅನ್ನಿಸಿಕೊಳ್ಳುವುದು ಅವನಿಗೆ ಬೇಕಾಗಿತ್ತು. ಅವಳಿಗೆ ಅದು ಅರ್ಥವಾಗಿತ್ತು. ಒಪ್ಪಿಗೆಯಾಗಿತ್ತು ಅಂತಲ್ಲ.

ದಸರಾ ಕಳೆದ ಮೇಲೆ ಒಂದು ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಯ ಹಿಂಬದಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಎಪ್ಪತ್ತು ದಾಟಿರಬೇಕು. ಇಳಕಲ್ ಸೀರೆ, ಹಣೆಗೆ ವಿಭೂತಿ. ಒಬ್ಬಳೇ ಆಟೋದಲ್ಲಿ ಬಂದಿದ್ದಳು.

"ಶೀಲಾ ಅಂದ್ರೆ ನೀನೇನಾ?"

"ಹೌದಮ್ಮ."

"ನಾನು ಸುಭದ್ರಮ್ಮ. ಗಾಂಧಿ ಬಜಾರಿನ ಮುರುಗೇಶನ ತಾಯಿ." ಸ್ವಲ್ಪ ತಡೆದು, "ರೇಣುಕನ ತಾಯಿ" ಅಂದಳು. "ಮುರುಗೇಶ ನಿನ್ನ ಹತ್ತಿರ ಬಂದು ಹೋದ ದಿನದಿಂದ ಊಟ ಸರಿಯಾಗಿ ಮಾಡ್ತಿಲ್ಲ. ಕೇಳಿದ್ರೆ ಅವನಲ್ಲ ಅಂತಾನೆ. ನೀನು ನಂಗೆ ಓದು."

ಶೀಲಾ ಓದಲಿಲ್ಲ. ಕೇಳಿದಳು: "ನಿಮ್ಮ ಮಗನ ಬಲಗೈ ಕಿರುಬೆರಳು ಹೇಗಿತ್ತಮ್ಮ?"

"ಏಳು ವರ್ಷದವನಿದ್ದಾಗ ಅಂಗಡಿ ಬಾಗಿಲ ಸಂದಿಗೆ ಸಿಕ್ಕಿತ್ತು. ಬಾಗಿಲು ಹಾಕಿದೋನು ಮುರುಗೇಶ. ಅವನಿಗೂ ಆಗ ಹತ್ತೇ ವರ್ಷ" ಅಂದಳು ಸುಭದ್ರಮ್ಮ.

ಗಾಡಿ ಓಡಿಸುವುದನ್ನೂ ಕಲಿತಿದ್ದ ಮಾರಪ್ಪ ಮ್ಯಾಟಡೋರ್ ತಂದ. ಸುಭದ್ರಮ್ಮ ಮುಂದಿನ ಸೀಟಿಗೆ ಹತ್ತಲು ಶೀಲಾ ಕೈ ಚಾಚಿದಳು. ಮುದುಕಿ ಆ ಕೈಯನ್ನು ಒಂದು ಗಳಿಗೆ ನೋಡಿ, ಹಿಡಿದುಕೊಂಡು ಹತ್ತಿದಳು. ರುದ್ರಭೂಮಿಯಲ್ಲಿ ಕಲ್ಲಿನ ಮುಂದೆ ನಿಂತು ಅದರ ಮೇಲಿನ ಸಂಖ್ಯೆ ಓದಿದಳು. ಆಮೇಲೆ ಕೇಳಿದಳು.

"ಮಲಗಿಸಿದ್ರೇನವ್ವಾ?"

"ಇಲ್ಲಮ್ಮ. ಕೂರಿಸಿದ್ವಿ. ಮಾರಪ್ಪಣ್ಣ ಗೂಡು ಮಾಡಿದ."

ಸುಭದ್ರಮ್ಮ ಮಾರಪ್ಪನ ಕಡೆ ತಿರುಗಿ ನೋಡಿದಳು. ಅವನು ನೆಲ ನೋಡಿದ.

"ಲಿಂಗ ಇತ್ತಾ?"

"ಇರಲಿಲ್ಲ. ನೀರಲ್ಲಿ ಹೋಗಿರಬೇಕು. ಕೈಯಲ್ಲಿ ವಿಭೂತಿ ಗಟ್ಟಿ ಇಟ್ಟೆ. ಅದು ಸರಿನೋ ತಪ್ಪೋ ನಂಗೊತ್ತಿಲ್ಲ."

ಮುದುಕಿ ಕುಸಿದು ಕೂತಳು. ಅತ್ತಳು. ಶೀಲಾ ದೂರ ಹೋಗಿ ನಿಂತಳು; ಅಳುವವರ ಹತ್ತಿರ ನಿಲ್ಲಬಾರದು ಅನ್ನುವುದನ್ನು ಈ ಆರು ವರ್ಷದಲ್ಲಿ ಕಲಿತಿದ್ದಳು. ಸುಮಾರು ಹೊತ್ತಾದ ಮೇಲೆ ಸುಭದ್ರಮ್ಮ ಕರೆದಳು.

"ಸೌಂದರ್ಯನ ಮದುವೇಲಿ ನಿನ್ನ ಸ್ಟೇಜಿಂದ ಇಳಿಸಿದ್ರಲ್ಲ."

"ಹೌದಮ್ಮ."

"ಮುರುಗೇಶನಿಗೆ ಹೇಳಿದ್ದು ನಾನು. ಮುಂದಿನ ಸಾಲಲ್ಲೇ ಕೂತಿದ್ದೆ. ಹೆಣ ಮುಟ್ಟೋಳು ನನ್ನ ಮೊಮ್ಮಗಳ ಆರತಕ್ಷತೇಲಿ ಹಾಡ್ತಾಳಾ ಅಂತ ಕೇಳಿದ್ದೆ."

ಮುದುಕಿ ಕ್ಷಮೆ ಕೇಳಲಿಲ್ಲ. ಕೇಳಿದರೆ ಆಗಿಹೋಗುವಂಥದ್ದಲ್ಲ ಅಂತ ಅವಳಿಗೂ ಗೊತ್ತಿತ್ತೇನೋ. ಎದ್ದು, ಸೆರಗಿನ ಮಣ್ಣು ಕೊಡವಿಕೊಂಡು, "ಹೆಸರು ಬರೆಸಬೇಡ. ಮುರುಗೇಶ ಬದುಕಿರೋವರೆಗೂ ಬೇಡ. ನಂಬರೇ ಇರ್ಲಿ" ಅಂದಳು.

ಅವಳು ಮತ್ತೆ ಎರಡು ಸಲ ಬಂದಳು. ಎರಡು ಸಾವಿರದ ಐದರಲ್ಲಿ ತೀರಿಕೊಂಡಳು. ಅದು ಶೀಲಾಗೆ ತಿಳಿದದ್ದು ಪೇಪರಿನಿಂದ. ಮುರುಗೇಶಪ್ಪ ಒಮ್ಮೆಯೂ ಬರಲಿಲ್ಲ.

ಮರುವರ್ಷ ಶೀಲಾಗೆ ಕೆಮ್ಮು ಹಿಡಿಯಿತು. ಕ್ಷಯ ಅಂದರು. ಎಂಟು ತಿಂಗಳು ಮಾತ್ರೆ ನುಂಗಿ ಜೀವ ಉಳಿಸಿಕೊಂಡಳು. ಒಂದು ಕಡೆಯ ಶ್ವಾಸಕೋಶ ಸುಕ್ಕುಗಟ್ಟಿತು. ಅದರ ಜೊತೆ ದನಿಯೂ ಹೋಯಿತು. ಮಾತಾಡಿದರೆ ಮರಳು ಉಜ್ಜಿದ ಹಾಗೆ ಕೇಳುತ್ತಿತ್ತು. ಮೂವತ್ತೈದು ಆಗಿರಲಿಲ್ಲ, ನೋಡಿದವರು ಐವತ್ತು ಅನ್ನುತ್ತಿದ್ದರು.

ಎರಡು ಸಾವಿರದ ಎಂಟರಲ್ಲಿ ರಾಮಚಂದ್ರಪ್ಪ ಆರ್ಕೆಸ್ಟ್ರಾ ಮುಚ್ಚಿದ. ಜನ ಮದುವೆಗೆ ಸಿ.ಡಿ. ಹಾಕಿ ಡ್ಯಾನ್ಸು ಮಾಡಿಸುವ ಕಾಲ ಬಂದಿತ್ತು. ಕಡೆಯ ಕಾರ್ಯಕ್ರಮ ಭದ್ರಾವತಿಯಲ್ಲಿಯೇ ಮಾಡಬೇಕು ಅಂತ ಆಸೆಪಟ್ಟು ಅವಳನ್ನು ಕರೆಯಲು ಬಂದ. ಅವಳ ಕಾಯಿಲೆ ಅವನಿಗೆ ಗೊತ್ತಿತ್ತು, ದನಿ ಇಷ್ಟು ಹೋಗಿದೆ ಅನ್ನುವುದು ಗೊತ್ತಿರಲಿಲ್ಲ.

"ಒಂದೇ ಒಂದು ಹಾಡು. ಕೆಳಗಿನ ಶ್ರುತಿಲಿ ಇಟ್ಕೊಳ್ಳೋಣ" ಅಂದ.

ಅವಳು ಹಾಡಲು ನೋಡಿದಳು. ಮೊದಲ ಸಾಲಿನ ನಡುವಿಗೆ ಬರುವಷ್ಟರಲ್ಲಿ ಕೆಮ್ಮು ಬಂತು. ನೀರು ಕುಡಿದು ಮತ್ತೆ ಶುರು ಮಾಡಿದಳು. ಅಲ್ಲಿಗೇ ನಿಂತಿತು. ರಾಮಚಂದ್ರಪ್ಪ ಗೋಡೆ ನೋಡುತ್ತಿದ್ದ.

"ಬಿಡಿ ಮೇಷ್ಟ್ರೇ."

"ಬೇಜಾರಾಗಲ್ವಾ ಶೀಲಾ?"

"ಆಗತ್ತೆ. ದಿನಾ ಆಗತ್ತೆ" ಅಂದಳು.

ಅವನು ಕಾಫಿ ಕುಡಿದು, ಬಸ್ ನಿಲ್ದಾಣದವರೆಗೆ ಅವಳ ಜೊತೆ ನಡೆದು, ಶಿವಮೊಗ್ಗದ ಬಸ್ಸು ಹತ್ತಿದ. ಅದು ಸೋಮವಾರ. ಮರುದಿನ ಅವಳೂ ಅದೇ ಬಸ್ಸಿನಲ್ಲಿ ಆಸ್ಪತ್ರೆಗೆ ಹೋದಳು. ಆ ದಿನ ಎರಡಿದ್ದವು. ಒಬ್ಬಳು ಹೆಂಗಸು, ರೈಲ್ವೆ ನಿಲ್ದಾಣದ ಹತ್ತಿರ ಸಿಕ್ಕಿದ್ದಳು, ವಯಸ್ಸು ಐವತ್ತೈದರ ಸುಮಾರು, ಎಡ ಮುಂಗೈಯಲ್ಲಿ ಹಸಿರು ಹಚ್ಚೆ. ಹಚ್ಚೆಯ ಅಕ್ಷರ ಬಹುಪಾಲು ಅಳಿಸಿಹೋಗಿತ್ತು. ಶೀಲಾ ಆ ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಓದಲು ಬಂದ ಎರಡು ಅಕ್ಷರವನ್ನು ಬರೆದುಕೊಂಡಳು.